ಎಂಟು ಸೆಕೆಂಡಿನ ಏಕಾಗ್ರತೆ: ಮಕ್ಕಳನ್ನು ತರಬೇತಿಗೆ ಸೇರಿಸಿದವರು ಅನುಭವ ಹೇಳಿ

ದಾವಣಗೆರೆಯ ಅಮ್ಮ (ಕೇಳಿದವರು)

ಮಗ 7ನೇ ತರಗತಿ. ಕಳೆದ ವಾರ ಶಾಲೆಯ ಪೋಷಕರ ಸಭೆಗೆ ಹೊರಗಿನಿಂದ ಒಬ್ಬ ತರಬೇತುದಾರರನ್ನು ಕರೆಸಿದ್ದರು. ಪರದೆಯ ಮೇಲೆ ಗೋಲ್ಡ್‌ಫಿಶ್ ಚಿತ್ರ ಹಾಕಿ, ಈ ಮೀನಿನ ಗಮನ 9 ಸೆಕೆಂಡು ನಿಲ್ಲುತ್ತದೆ, ಇಂದಿನ ಮನುಷ್ಯನದು ಎಂಟೇ ಸೆಕೆಂಡು, 2000ದಲ್ಲಿ 12 ಇತ್ತು ಎಂದರು. ಸಭಾಂಗಣದಲ್ಲಿ ಎಲ್ಲರೂ ತಮ್ಮ ತಮ್ಮ ಮಕ್ಕಳ ಮುಖ ನೋಡಿದರು. ಕೂಡಲೇ ಆರು ತಿಂಗಳ ಏಕಾಗ್ರತೆ ತರಬೇತಿಯ ಅರ್ಜಿ ಹಂಚಿದರು. ಶುಲ್ಕ 18,000 ರೂಪಾಯಿ, ಈ ತಿಂಗಳೊಳಗೆ ಕಟ್ಟಿದರೆ 15,000.

ನನ್ನ ಮಗ ಮನೆಪಾಠಕ್ಕೆ ಕುಳಿತರೆ ಐದೇ ನಿಮಿಷಕ್ಕೆ ನೀರು ಕುಡಿಯಲು ಏಳುತ್ತಾನೆ, ಪೆನ್ಸಿಲ್ ಹುಡುಕುತ್ತಾನೆ. ಚೆಸ್ ಮಣೆಯ ಮುಂದೆ ಕುಳಿತರೆ ಮಾತ್ರ ಊಟಕ್ಕೆ ಕೂಗಿದರೂ ಅವನಿಗೆ ಕೇಳಿಸುವುದಿಲ್ಲ. ಯಜಮಾನರು ಹಣ ಕಟ್ಟಿಬಿಡೋಣ ಎನ್ನುತ್ತಿದ್ದಾರೆ. ಸೇರಿಸಿದವರು ಇದ್ದರೆ ಹೇಳಿ. ಈ ಎಂಟು ಸೆಕೆಂಡು ನಿಜವೇ?

ತುಮಕೂರಿನ ತಾಯಿ

ಕಟ್ಟಬೇಡಿ. ನಮ್ಮ ಲೆಕ್ಕ ಬರೆಯುತ್ತೇನೆ, ಯಜಮಾನರಿಗೆ ಓದಿ ಹೇಳಿ. ನೋಂದಣಿ 2,500. ಶುಲ್ಕ 22,000. ಅದರ ಮೇಲೆ ಜಿಎಸ್‌ಟಿ 3,960. ಕಿಟ್ 3,800. ಒಟ್ಟು 32,260 ರೂಪಾಯಿ. ಕಿಟ್‌ನಲ್ಲಿ ಇದ್ದದ್ದು ಒಂದು ಚಾಪೆ, ಎರಡು ಮೇಣದಬತ್ತಿ, ಬಣ್ಣದ ಇಸ್ಪೀಟಿನಂಥ ಕಾರ್ಡುಗಳು, ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ ಮತ್ತು ಸಂಗೀತ ತುಂಬಿದ ಒಂದು ಪೆನ್‌ಡ್ರೈವ್. ಆ ಪೆನ್‌ಡ್ರೈವ್ ಎರಡನೇ ವಾರ ಕೆಟ್ಟಿತು. ಬದಲಿಗೆ ಇನ್ನೊಂದು ಕೇಳಿದರೆ 450 ರೂಪಾಯಿ.

‘ಮಿಡ್‌ಬ್ರೇನ್’ ಅಂದರೆ ನಡುಮೆದುಳು ಜಾಗೃತವಾದರೆ ಮಗು ಕಣ್ಣು ಕಟ್ಟಿಕೊಂಡೇ ಓದುತ್ತದೆ, ಆಗ ಏಕಾಗ್ರತೆ ತಾನಾಗಿ ಬರುತ್ತದೆ ಎಂದರು. ಪ್ರದರ್ಶನದ ದಿನ ನನ್ನ ಮಗಳು ಪಟ್ಟಿ ಕಟ್ಟಿಕೊಂಡು ಕಾರ್ಡಿನ ಬಣ್ಣ ಹೇಳಿದಳು. ಮನೆಗೆ ಬಂದ ಮೇಲೆ ಅತ್ತಳು. ಮೂಗಿನ ಪಕ್ಕದ ಸಂದಿಯಿಂದ ಕೆಳಗೆ ಕಾಣಿಸುತ್ತದೆ, ಎಲ್ಲ ಮಕ್ಕಳೂ ಹಾಗೆಯೇ ನೋಡುತ್ತಾರೆ, ಹೇಳಿದರೆ ಮೇಡಂ ಬೈಯುತ್ತಾರೆ ಎಂದಳು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದೇ ಸಂದಿಯ ಗುಟ್ಟನ್ನು ವರ್ಷಗಳಿಂದ ಊರೂರಲ್ಲಿ ಬಯಲು ಮಾಡುತ್ತಿದ್ದಾರೆ. ಆದರೂ ಕೇಂದ್ರಗಳು ಹೆಸರು ಬದಲಿಸಿಕೊಂಡು ಬರುತ್ತಲೇ ಇವೆ. ಹಣ ಮರಳಿಸಿ ಎಂದು ಪತ್ರ ಬರೆದೆ. ರಸೀದಿಯ ಹಿಂಭಾಗದ ಸಣ್ಣ ಅಕ್ಷರದ ಷರತ್ತು ತೋರಿಸಿದರು. ಹಣಕ್ಕಿಂತ, ಮಗುವಿಗೆ ಸುಳ್ಳು ಹೇಳುವುದನ್ನು ಶುಲ್ಕ ಪಡೆದು ಕಲಿಸಿದರಲ್ಲ, ಆ ಸಂಕಟ ಇನ್ನೂ ಹೋಗಿಲ್ಲ.

ಹಾಸನದ ನಿವೃತ್ತ ಶಿಕ್ಷಕ

ಈ ಸೆಕೆಂಡಿನ ಪುರಾಣಕ್ಕೆ ಒಬ್ಬ ಅಣ್ಣನಿದ್ದಾನೆ: ಹತ್ತು ನಿಮಿಷದ ಪುರಾಣ. ಸೇವೆಯಲ್ಲಿದ್ದಾಗ ಪ್ರತಿ ತರಬೇತಿ ಶಿಬಿರದಲ್ಲಿ ನಮಗೆ ಅದನ್ನೇ ಬೋಧಿಸಿದರು. ವಿದ್ಯಾರ್ಥಿಯ ಗಮನ ಹತ್ತು ನಿಮಿಷಕ್ಕೆ ಕುಸಿಯುತ್ತದೆ, ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಚಪ್ಪಾಳೆ, ಹಾಡು, ಗುಂಪು ಚಟುವಟಿಕೆ ಮಾಡಿಸಿ ಎಂದು. ನಾನು ಭೌತಶಾಸ್ತ್ರ ಹೇಳಿಕೊಡುತ್ತಿದ್ದವನು. ಮಸೂರದ ಸೂತ್ರವನ್ನು ಕಿರಣಚಿತ್ರದಿಂದ ಹಿಡಿದು ಕೊನೆಯ ಸಾಲಿನವರೆಗೆ ಒಂದೇ ಓಟದಲ್ಲಿ ತರಬೇಕು. ನಡುವೆ ಚಪ್ಪಾಳೆ ಹೊಡೆಸಿದರೆ ಎಳೆ ಕಡಿಯುತ್ತದೆ, ಮತ್ತೆ ಮೊದಲಿನಿಂದ ಶುರು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ನನ್ನ ತರಗತಿ ‘ಚಟುವಟಿಕೆರಹಿತ’ ಎಂದು ವರದಿ ಬರೆದರು. ಆ ವರ್ಷ ನನ್ನ ವಿಷಯದಲ್ಲಿ ಒಬ್ಬ ವಿದ್ಯಾರ್ಥಿಯೂ ಅನುತ್ತೀರ್ಣನಾಗಲಿಲ್ಲ. ಅದನ್ನು ವರದಿಗೆ ಸೇರಿಸಿ ಎಂದು ಕೇಳಿದೆ, ಕೊನೆಗೂ ಸೇರಿಸಲಿಲ್ಲ.

ನಿವೃತ್ತನಾದ ಮೇಲೆ ಬಿಡುವಿತ್ತು, ಹಟವೂ ಇತ್ತು, ಮೂಲ ಹುಡುಕಿದೆ. ಅಮೆರಿಕದ ವಿಲ್ಸನ್ ಮತ್ತು ಕಾರ್ನ್ 2007ರಲ್ಲಿ ಈ ಹತ್ತು-ಹದಿನೈದು ನಿಮಿಷದ ಮಾತಿನ ಹಿಂದಿನ ಸಂಶೋಧನೆಗಳನ್ನೆಲ್ಲ ತೆಗೆದು ನೋಡಿದ್ದಾರೆ. ಹೇಳಿಕೆಯನ್ನು ಹೊರುವಷ್ಟು ಪುರಾವೆಯೇ ಅಲ್ಲಿಲ್ಲ. ಪದೇಪದೇ ಉಲ್ಲೇಖವಾಗುವ ಒಂದು ಮೂಲ, ವಿದ್ಯಾರ್ಥಿಗಳು ಪಾಠದ ಯಾವ ಹೊತ್ತಿನಲ್ಲಿ ಎಷ್ಟು ಟಿಪ್ಪಣಿ ಬರೆದುಕೊಂಡರು ಎಂಬುದರ ಮೇಲೆ ನಿಂತಿದೆ. ಟಿಪ್ಪಣಿ ಕಡಿಮೆಯಾದರೆ ಗಮನ ಕಡಿಮೆಯಾಯಿತು ಎಂದು ಹೇಗೆ ಹೇಳುತ್ತೀರಿ? ಪೆನ್ನು ಕೆಳಗಿಟ್ಟು ಬಾಯಿ ತೆರೆದು ಕೇಳುವ ಹುಡುಗನನ್ನು ಯಾವ ಲೆಕ್ಕಕ್ಕೆ ಹಾಕುತ್ತೀರಿ? 2016ರಲ್ಲಿ ಬ್ರಾಡ್‌ಬರಿ ಎಂಬ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರು ಮತ್ತೆ ಇದನ್ನೇ ಪರಿಶೀಲಿಸಿ, ಪಾಠದ ಅವಧಿಗಿಂತ ಪಾಠ ಮಾಡುವವರಿಂದಲೇ ಹೆಚ್ಚು ವ್ಯತ್ಯಾಸವಾಗುತ್ತದೆ ಎಂದು ಬರೆದಿದ್ದಾರೆ. ನಮ್ಮ ಶಿಬಿರಗಳಲ್ಲಿ ಇಂದಿಗೂ ಹತ್ತು ನಿಮಿಷದ ಚಪ್ಪಾಳೆ ನಡೆದಿದೆ.

ಬೆಳ್ಳಂದೂರಿನ ತಂತ್ರಾಂಶ ಉದ್ಯೋಗಿ

ಎಲ್ಲವೂ ಪುರಾಣ ಎನ್ನುವುದು ಸುಲಭ. ಎಂಟು ಸೆಕೆಂಡು ಸುಳ್ಳಾಗಿರಬಹುದು, ಗಮನ ಕುಸಿದಿರುವುದು ಸುಳ್ಳಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಕಚೇರಿ ಕೆಲಸಗಾರರನ್ನು ವರ್ಷಾನುಗಟ್ಟಲೆ ಅಳೆದಿದ್ದಾರೆ. 2004ರಲ್ಲಿ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು, 2012ರಲ್ಲಿ 75 ಸೆಕೆಂಡು, ಈಚಿನ ವರ್ಷಗಳಲ್ಲಿ ಸುಮಾರು 47. ಇದಕ್ಕೆ ಏನು ಹೇಳುತ್ತೀರಿ?

ನನ್ನ ಖರ್ಚು ಹೇಳುತ್ತೇನೆ. ಸದ್ದು ತಡೆಯುವ ಹೆಡ್‌ಫೋನ್ 24,990. ಅಧಿಸೂಚನೆ ತಡೆಯುವ ಆ್ಯಪ್ ವರ್ಷಕ್ಕೆ 4,999. ಸಮಯ ಹೊಂದಿಸಿದರೆ ಅಷ್ಟು ಹೊತ್ತು ತೆರೆಯದ ಫೋನ್ ಪೆಟ್ಟಿಗೆ 2,800. ವಾರಾಂತ್ಯದ ‘ಆಳವಾದ ಕೆಲಸ’ ಶಿಬಿರ 12,500, ಊಟ ಪ್ರತ್ಯೇಕ. 25 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂಬ ಪೊಮೊಡೊರೊ ಪದ್ಧತಿಯನ್ನು ಇಂದಿಗೂ ಪಾಲಿಸುತ್ತೇನೆ. ಪೆಟ್ಟಿಗೆ ಕೊಂಡ ಮೊದಲ ವಾರ ಮಾವನವರಿಗೆ ಎದೆನೋವು ಬಂದು ಮನೆಯಿಂದ ಕರೆ ಮಾಡಿದರು, ಫೋನ್ ಒಳಗಿತ್ತು. ದೇವರ ದಯೆ, ಅದು ಅಜೀರ್ಣ. ಹೆಂಡತಿ ಪೆಟ್ಟಿಗೆಯನ್ನು ಸುತ್ತಿಗೆಯಿಂದ ಒಡೆದಳು. ಎರಡನೆಯದು ಕೊಂಡೆ. ಅದರಲ್ಲಿ ತುರ್ತು ಗುಂಡಿ ಇದೆ, ಬೆಲೆ 3,600. ನನಗೆ ಬಡ್ತಿ ಸಿಕ್ಕಿದ್ದು ಆ ವರ್ಷವೇ. ಹಣ ಖರ್ಚು ಮಾಡಿದ್ದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ.

ಹಾಸನದ ನಿವೃತ್ತ ಶಿಕ್ಷಕ

ಬೆಳ್ಳಂದೂರಿನವರೇ, 47 ಸೆಕೆಂಡು ಎಂದರೆ ಪರದೆ ಬದಲಿಸುವ ನಡುವಿನ ಹೊತ್ತು. ಲೆಕ್ಕದ ಹಾಳೆಯಿಂದ ಇಮೇಲಿಗೆ, ಇಮೇಲಿನಿಂದ ಮತ್ತೆ ಲೆಕ್ಕದ ಹಾಳೆಗೆ ಹೋದರೂ ಅದು ಬದಲಾವಣೆಯೇ. ಮನುಷ್ಯನಿಗೆ 47 ಸೆಕೆಂಡಿಗಿಂತ ಹೆಚ್ಚು ಸಾಧ್ಯವಿಲ್ಲ ಎಂದು ಅದು ಹೇಳುವುದಿಲ್ಲ. ನಡತೆಯನ್ನು ಅಳೆದದ್ದನ್ನು ಸಾಮರ್ಥ್ಯವೆಂದು ಓದಬೇಡಿ.

ಬೆಳ್ಳಂದೂರಿನ ತಂತ್ರಾಂಶ ಉದ್ಯೋಗಿ

ನಡತೆಯೇ ಬದುಕಲ್ಲವೇ? ನಿಮ್ಮ ಕಾಲದಲ್ಲಿ ತರಗತಿಯೊಳಗೆ ಒಂದೂ ಫೋನ್ ಇರಲಿಲ್ಲ. ಮಸೂರದ ಪಾಠವನ್ನು ಇಂದಿನ ಮಕ್ಕಳ ಮುಂದೆ ಮಾಡಿ ತೋರಿಸಿ, ಆಮೇಲೆ ಮಾತನಾಡೋಣ.

ಹಾಸನದ ನಿವೃತ್ತ ಶಿಕ್ಷಕ

ಪ್ರತಿ ಭಾನುವಾರ ಮಾಡುತ್ತಿದ್ದೇನೆ, ಉಚಿತವಾಗಿ. ಬಂದು ನೋಡಿ. ಪೆಟ್ಟಿಗೆ ತರುವುದು ಬೇಡ.

ಮೈಸೂರಿನ ಸಂಶೋಧನಾ ವಿದ್ಯಾರ್ಥಿನಿ

ನನ್ನ ಪಿಎಚ್‌ಡಿ ವಿಷಯವೇ ಅವಧಾನ, ಅಂದರೆ ಗಮನ. ಮದುವೆಮನೆಯಲ್ಲಿ ಯಾರಿಗಾದರೂ ಅದು ಗೊತ್ತಾದರೆ ಸಾಕು, ಆ ಮೀನು ಬಂದೇ ಬರುತ್ತದೆ. ಆದ್ದರಿಂದ ಇಲ್ಲಿ ಪೂರ್ತಿಯಾಗಿ ಬರೆದುಬಿಡುತ್ತೇನೆ.

2015ರಲ್ಲಿ ಮೈಕ್ರೋಸಾಫ್ಟ್‌ನ ಕೆನಡಾ ಶಾಖೆ ಜಾಹೀರಾತುದಾರರಿಗಾಗಿ ಒಂದು ವರದಿ ತಂದಿತು. 12, 8 ಮತ್ತು ಮೀನಿನ 9 ಅದರಲ್ಲಿವೆ. ಆದರೆ ಆ ಅಂಕಿಗಳು ಅವರ ಸ್ವಂತ ಅಧ್ಯಯನದವಲ್ಲ, ಸ್ಟ್ಯಾಟಿಸ್ಟಿಕ್ ಬ್ರೈನ್ ಎಂಬ ಜಾಲತಾಣದಿಂದ ಎತ್ತಿಕೊಂಡವು. 2017ರಲ್ಲಿ ಬಿಬಿಸಿ ವರದಿಗಾರರೊಬ್ಬರು ಆ ತಾಣ ಹೆಸರಿಸಿದ್ದ ಮೂಲಗಳನ್ನೇ ವಿಚಾರಿಸಿದರು. ಇಂಥ ಸಂಶೋಧನೆಯ ದಾಖಲೆ ತಮ್ಮಲ್ಲಿ ಇಲ್ಲವೆಂದು ಅವರು ಹೇಳಿದರು. ಅಷ್ಟರಲ್ಲಿ ಪ್ರಪಂಚದ ದೊಡ್ಡ ದೊಡ್ಡ ಪತ್ರಿಕೆಗಳು ಅಚ್ಚು ಹಾಕಿಯಾಗಿತ್ತು. ಇನ್ನು ಮೀನಿನ ಮಾತು. ಆಹಾರಕ್ಕಾಗಿ ಸನ್ನೆಗೋಲು ಒತ್ತುವುದನ್ನು ಗೋಲ್ಡ್‌ಫಿಶ್ ಕಲಿಯುತ್ತದೆ, ಕಲಿತದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಸ್ಮರಣಶಕ್ತಿಯ ಅಧ್ಯಯನಕ್ಕೆಂದೇ ಆ ಮೀನನ್ನು ದಶಕಗಳಿಂದ ಬಳಸುತ್ತಿದ್ದಾರೆ. ಅದನ್ನು ಮರೆವಿನ ಮಾದರಿ ಮಾಡಿದ್ದು ಮೀನಿಗೂ ಅನ್ಯಾಯ.

ಒಬ್ಬ ಮನುಷ್ಯನಿಗೆ ಇಷ್ಟೇ ಸೆಕೆಂಡು ಎಂಬ ಒಂದು ಅವಧಿ ನಮ್ಮ ಪ್ರಯೋಗಾಲಯದಲ್ಲಿ ಯಾರಿಗೂ ಸಿಕ್ಕಿಲ್ಲ. ಮಾಡುವ ಕೆಲಸ, ಆಸಕ್ತಿ, ನಿದ್ದೆ, ಹಸಿವು, ಕೆಲಸದ ಕಷ್ಟ, ಎಲ್ಲದರ ಮೇಲೆ ಅದು ನಿಂತಿದೆ. ಎರಡನೇ ಮಹಾಯುದ್ಧದ ರೇಡಾರ್ ಕಾವಲುಗಾರರು ಗಂಟೆಗಟ್ಟಲೆ ಪರದೆ ನೋಡಬೇಕಿತ್ತು. ಅವರಿಗಾಗಿ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿದರು. ಮುಳ್ಳು ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತದೆ, ಎಲ್ಲೋ ಒಮ್ಮೆ ಎರಡು ಹೆಜ್ಜೆ ಹಾರುತ್ತದೆ, ಆ ಹಾರಿಕೆಯನ್ನು ಗುರುತಿಸಬೇಕು. ಎರಡು ಗಂಟೆಯ ಪರೀಕ್ಷೆ. ಮೊದಲ ಅರ್ಧ ಗಂಟೆಯ ಬಳಿಕ ತಪ್ಪುಗಳು ಏರಿದವು. 1948ರಲ್ಲಿ ಪ್ರಕಟವಾದ ಫಲಿತಾಂಶವದು. ಆಗ ಯಾವ ಮೊಬೈಲ್ ಇತ್ತು? ಬೇಸರದ ಕೆಲಸದಲ್ಲಿ ಗಮನ ಜಾರುವುದು ಅಂದೂ ಇತ್ತು, ಇಂದೂ ಇದೆ.

ತಲೆಮಾರಿನಿಂದ ತಲೆಮಾರಿಗೆ ಗಮನ ಕುಸಿಯುತ್ತಿದೆಯೇ ಎಂಬುದಕ್ಕೂ ಉತ್ತರ ಹುಡುಕಿದ್ದಾರೆ. ಡಿ2 ಎಂಬ ಕಾಗದದ ಮೇಲಿನ ಏಕಾಗ್ರತೆ ಪರೀಕ್ಷೆ 1960ರ ದಶಕದಿಂದ ಬಳಕೆಯಲ್ಲಿದೆ. 1990ರಿಂದ 2021ರವರೆಗಿನ ಅದರ ಅಂಕಗಳನ್ನು ವಿಯೆನ್ನಾದ ಸಂಶೋಧಕರು ಒಟ್ಟುಗೂಡಿಸಿ 2024ರಲ್ಲಿ ಪ್ರಕಟಿಸಿದರು. ವಯಸ್ಕರಲ್ಲಿ ಸ್ವಲ್ಪ ಏರಿಕೆಯೇ ಕಂಡಿದೆ. ಮಕ್ಕಳಲ್ಲಿ ಕುಸಿತವಿಲ್ಲ, ಆದರೆ ವೇಗ ಹೆಚ್ಚಿದೆ, ತಪ್ಪೂ ಹೆಚ್ಚಿದೆ. ಆ ಕೊನೆಯ ಮಾತು ನನಗೆ ಮುಖ್ಯವಾಗಿ ಕಾಣುತ್ತದೆ, ಅದರ ಬಗ್ಗೆ ಯಾರೂ ಚಿತ್ರ ಹಾಕಿ ಭಾಷಣ ಮಾಡುವುದಿಲ್ಲ.

ತುಮಕೂರಿನ ತಾಯಿ

ಇದನ್ನೆಲ್ಲ ಬಲ್ಲವರು ಶಾಲೆಯ ಸಭೆಗಳಿಗೆ ಏಕೆ ಬರುವುದಿಲ್ಲ? ಅಲ್ಲಿಗೆ ಬರುವವರು ರಸೀದಿ ಪುಸ್ತಕದವರು ಮಾತ್ರ.

ಮೈಸೂರಿನ ಸಂಶೋಧನಾ ವಿದ್ಯಾರ್ಥಿನಿ

ಕರೆಯುವುದಿಲ್ಲ. ನಾನಾಗಿಯೇ ಮೂರು ಶಾಲೆಗಳಿಗೆ ಪತ್ರ ಬರೆದೆ. ಒಂದು ಶಾಲೆಯವರು ಯಾವ ಕೋರ್ಸ್ ಮಾರುತ್ತೀರಿ, ನಮ್ಮ ಪಾಲು ಎಷ್ಟು ಎಂದು ಕೇಳಿದರು.

ಶಿವಮೊಗ್ಗದ ಅಮ್ಮ

ಇಲ್ಲಿ ಎಲ್ಲರೂ ಪುರಾಣ ಒಡೆಯುವುದರಲ್ಲಿದ್ದೀರಿ. ‘ಏನೂ ಇಲ್ಲ, ಎಲ್ಲ ಮಕ್ಕಳೂ ಹೀಗೆಯೇ’ ಎನ್ನುವುದೂ ಪುರಾಣವೇ, ಅದರ ಬೆಲೆ ನಾವು ತೆತ್ತಿದ್ದೇವೆ. ನನ್ನ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ಪೂರ್ತಿ ಎರಡು ಶಾಲಾ ವರ್ಷ ಎಲ್ಲರೂ ನನ್ನನ್ನೇ ದೂರಿದರು. ಮೊಬೈಲ್ ಕೊಟ್ಟಿರಿ ಎಂದರು. ಅವನ ಕೈಗೆ ನಾನು ಮೊಬೈಲ್ ಕೊಟ್ಟಿರಲೇ ಇಲ್ಲ. ಬ್ರಾಹ್ಮಿ ಲೇಹ್ಯ ಡಬ್ಬಿಗೆ 340, ತಿಂಗಳಿಗೆ ಎರಡು ಡಬ್ಬಿ. ಅಬಾಕಸ್ ತಿಂಗಳಿಗೆ 1,200. ಹರಕೆ ಬೇರೆ. ಕೆಲಸದ ಜಾಗದಿಂದ ರಜೆ ಮುಗಿದು ಸಂಬಳ ಕಡಿತವಾದದ್ದು ಬೇರೆ.

ಕೊನೆಗೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ರಾತ್ರಿ ರೈಲು, ಬೆಳಗ್ಗೆ ಸರದಿ. ಅಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆ, ಅವನಿಗೆ ತುಂಬ ಇಷ್ಟವಾದದ್ದು ಏನು ಎಂದು. ರೈಲುಗಳ ವೇಳಾಪಟ್ಟಿ ಎಂದೆ, ಅದರ ಮುಂದೆ ಎಷ್ಟು ಹೊತ್ತಾದರೂ ಕೂರುತ್ತಾನೆ. ಅಷ್ಟು ಹೊತ್ತು ಕೂರುವವನಿಗೆ ಗಮನದ ತೊಂದರೆ ಹೇಗೆ ಎಂದು ಊರವರೆಲ್ಲ ವಾದಿಸಿದ್ದರು. ವೈದ್ಯೆ ಹೇಳಿದ್ದು ಬೇರೆ. ಇಂಥ ಮಕ್ಕಳಲ್ಲಿ ಗಮನ ಇಲ್ಲವೆಂದಲ್ಲ, ಬೇಕಾದ ಕಡೆಗೆ ತಿರುಗಿಸುವ, ಬೇಡವಾದ ಕಡೆಯಿಂದ ಬಿಡಿಸಿಕೊಳ್ಳುವ ಹಿಡಿತ ಕಡಿಮೆ. ಲಕ್ಷಣಗಳು 12 ವರ್ಷಕ್ಕೆ ಮುಂಚೆ ಶುರುವಾಗಿರಬೇಕು, ಮನೆಯಲ್ಲೂ ಶಾಲೆಯಲ್ಲೂ ಎರಡೂ ಕಡೆ ಕಾಣಬೇಕು. ಇದಕ್ಕೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧ ಶುರು ಮಾಡಿದರು. ಮೊದಲ ತಿಂಗಳು ಹಸಿವು ಸತ್ತುಹೋಗಿ ತೂಕ ಇಳಿಯಿತು, ಪ್ರಮಾಣ ಬದಲಿಸಿದರು. ಜೊತೆಗೆ ಇಲ್ಲಿಯೇ ಒಬ್ಬ ಥೆರಪಿಸ್ಟ್, ಒಂದು ಭೇಟಿಗೆ 800. ಈಗ ಅವನು ಒಂದು ಪ್ರಶ್ನೆಯನ್ನು ಕೊನೆಯ ಸಾಲಿನವರೆಗೆ ಓದುತ್ತಾನೆ.

ಹಾಸನದ ನಿವೃತ್ತ ಶಿಕ್ಷಕ

ತಾಯಿ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಚುರುಕು ಮಕ್ಕಳಿಗೆಲ್ಲ ಮಾತ್ರೆ ನುಂಗಿಸುವ ಕಾಲ ಬಂದಿದೆಯಲ್ಲ ಎಂಬ ಆತಂಕ ನನಗಿದೆ. ಎಷ್ಟೋ ತುಂಟರನ್ನು ಮುಂದಿನ ಬೆಂಚಿಗೆ ಕೂರಿಸಿ ಸರಿ ಮಾಡಿದ್ದೇನೆ.

ಶಿವಮೊಗ್ಗದ ಅಮ್ಮ

ಮುಂದಿನ ಬೆಂಚಿನಲ್ಲಿ ಕೂತು ಸರಿಯಾಗದೆ 9ನೇ ತರಗತಿಗೆ ಶಾಲೆ ಬಿಟ್ಟವರ ಪಟ್ಟಿ ನಿಮ್ಮ ಬಳಿ ಇದೆಯೇ? ಸರಿಯಾದವರನ್ನು ಮಾತ್ರ ಎಣಿಸುತ್ತೀರಿ. ನನ್ನ ತಮ್ಮ ಹಾಗೆ ಬಿಟ್ಟವನು. ಅವನ ಮೇಷ್ಟರೂ ‘ಸೋಮಾರಿ’ ಎಂದೇ ಬರೆದರು. ಚುರುಕಿಗೂ ಈ ತೊಂದರೆಗೂ ವ್ಯತ್ಯಾಸ ಗುರುತಿಸುವುದು ತಜ್ಞರ ಕೆಲಸ. ಬೆಂಚಿನ ಲೆಕ್ಕ ನನಗೆ ಹೇಳಬೇಡಿ.

ಮೈಸೂರಿನ ಸಂಶೋಧನಾ ವಿದ್ಯಾರ್ಥಿನಿ

ಶಿವಮೊಗ್ಗದವರು ಹೇಳಿದ್ದು ಸರಿ. ಮೇಷ್ಟರೇ, ಇಷ್ಟು ಹೊತ್ತು ಪುರಾವೆ ಕೇಳಿದವರು ನೀವು, ಇಲ್ಲಿ ಬೆಂಚನ್ನು ಪುರಾವೆ ಮಾಡಬೇಡಿ.

ಮಲ್ಲೇಶ್ವರದ ಸಾಹಿತ್ಯಾಸಕ್ತ

ಎಲ್ಲರೂ ಪಶ್ಚಿಮದ ಪ್ರಯೋಗಾಲಯಗಳನ್ನೇ ಹಿಡಿದು ಕುಳಿತಿದ್ದೀರಿ. ನಮ್ಮಲ್ಲಿ ಅಷ್ಟಾವಧಾನವಿದೆ. ಶತಾವಧಾನಿ ಆರ್. ಗಣೇಶ್ ಅವರ ಎದುರು ಎಂಟು ಮಂದಿ ಪೃಚ್ಛಕರು, ಅಂದರೆ ಸವಾಲು ಹಾಕುವವರು, ಕೂರುತ್ತಾರೆ. ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ, ಸಂಖ್ಯಾಬಂಧ, ನಡುನಡುವೆ ಕಾಲೆಳೆಯುವ ಅಪ್ರಸ್ತುತ ಪ್ರಸಂಗ. ಎಂಟನ್ನೂ ಏಕಕಾಲಕ್ಕೆ ಗಮನಿಸುತ್ತಾರೆ. ಏಕಕಾಲಕ್ಕೆ ಹಲವು ಕೆಲಸ ಸಾಧ್ಯವಿಲ್ಲ ಎನ್ನುವವರು ಒಮ್ಮೆ ಸಭೆಗೆ ಬನ್ನಿ. ನನ್ನ ಮಗಳಿಗೆ ಅವಧಾನದ ವಿಡಿಯೊ ತೋರಿಸಿಯೇ ಏಕಾಗ್ರತೆ ಕಲಿಸಿದೆ, ಒಂದು ಪೈಸೆ ಖರ್ಚಿಲ್ಲ.

ಮೈಸೂರಿನ ಸಂಶೋಧನಾ ವಿದ್ಯಾರ್ಥಿನಿ

ನಾನೂ ಸಭೆಗಳಲ್ಲಿ ಕೂತಿದ್ದೇನೆ, ಕಣ್ಣು ಮಿಟುಕಿಸದೆ ನೋಡಿದ್ದೇನೆ. ಅವಧಾನಿ ಏಕಕಾಲಕ್ಕೆ ಎಂಟು ಪದ್ಯ ಕಟ್ಟುವುದಿಲ್ಲ. ಒಂದು ಸುತ್ತಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾದ. ಈ ಪಾದ ಮುಗಿಸಿ ಮುಂದಿನವರ ಕಡೆ ತಿರುಗುತ್ತಾರೆ, ಮರಳಿ ಬಂದಾಗ ನಿಲ್ಲಿಸಿದ ಅಕ್ಷರದಿಂದಲೇ ಎತ್ತಿಕೊಳ್ಳುತ್ತಾರೆ. ಅದರ ಬೆರಗು ಇರುವುದು ನೆನಪಿನ ಧಾರಣೆಯಲ್ಲಿ. ಇನ್ನು ಪರದೆಯ ಮೇಲೆ ಹಲವನ್ನು ಒಟ್ಟಿಗೆ ನೋಡುವ ಅಭ್ಯಾಸದವರನ್ನು ಸ್ಟ್ಯಾನ್‌ಫರ್ಡ್‌ನಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದರಲ್ಲಿಯೇ ಅವರು ಉಳಿದವರಿಗಿಂತ ಹಿಂದೆ ಇದ್ದರು.

ಮಲ್ಲೇಶ್ವರದ ಸಾಹಿತ್ಯಾಸಕ್ತ

ಅವಧಾನವನ್ನು ಪರದೆ ಬದಲಿಸುವುದರ ಜೊತೆಗೆ ಇಟ್ಟು ತೂಗಿದಿರಲ್ಲ, ನೋವಾಯಿತು.

ಉಡುಪಿಯ ಯಕ್ಷಗಾನ ಪ್ರೇಮಿ

ಅವಧಾನ ವಿದ್ವಾಂಸರ ಸಭೆಯದು. ಸಾಮಾನ್ಯ ಜನರ ಗಮನ ನೋಡಬೇಕಾದರೆ ನಮ್ಮ ಬಯಲಾಟಕ್ಕೆ ಬರಬೇಕಿತ್ತು. ಸಂಜೆ ಚೌಕಿಪೂಜೆ, ಬೆಳಗಿನ ಮಂಗಳ, ನಡುವೆ ಇಡೀ ರಾತ್ರಿ. ಗದ್ದೆ ಉತ್ತು ಬಂದವರು ಈಚಲು ಚಾಪೆಯ ಮೇಲೆ ಕೂತು ನೋಡುತ್ತಿದ್ದರು. ಈಗ ಹಲವು ಮೇಳಗಳು ಕಾಲಮಿತಿ. ಮಧ್ಯರಾತ್ರಿಗೆ ಮುಗಿಯಬೇಕು. ಪೀಠಿಕೆ ಕತ್ತರಿಸಿದರು, ಪಾತ್ರಗಳ ಪ್ರವೇಶದ ಒಡ್ಡೋಲಗ ಕತ್ತರಿಸಿದರು, ಭಾಗವತರ ಆಲಾಪನೆಗೆ ಕೈಗಡಿಯಾರ ತೋರಿಸುತ್ತಾರೆ. ಜನರ ಗಮನ ಕುಸಿದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ನಮ್ಮ ಮನೆಯ ಹರಕೆ ಆಟಕ್ಕೆ ವೀಳ್ಯ, ಚಪ್ಪರ, ಊಟ, ಜನರೇಟರ್ ಎಲ್ಲ ಸೇರಿ ಲಕ್ಷ ದಾಟಿತು. ರಾತ್ರಿ 12ಕ್ಕೆ ಚಪ್ಪರ ಖಾಲಿ. ಅಜ್ಜನ ಕಾಲದಲ್ಲಿ ಆ ಹೊತ್ತಿಗೆ ಕಥೆ ಏರುತ್ತಿತ್ತು.

ಹೊನ್ನಾವರದವನು

ಉಡುಪಿಯವರೇ, ನಾನು ಚೆಂಡೆ ಬಾರಿಸುವವನ ಮಗ. ರಂಗಸ್ಥಳದ ಪಕ್ಕದಲ್ಲಿ ಮಲಗಿ ಬೆಳೆದವನು. ಇಡೀ ರಾತ್ರಿ ಯಾರು ನೋಡುತ್ತಿದ್ದರು? ಆಟದ ಆರಂಭದ ಸಭಾಲಕ್ಷಣಕ್ಕೆ ಚಹಾ ಅಂಗಡಿ, ಕುಣಿತ ಜೋರಿರುವ ಪುಂಡುವೇಷಕ್ಕೆ ಎದ್ದು ಕೂರುವುದು, ಸಂಭಾಷಣೆ ಎಳೆದರೆ ಕಂಬಳಿ ಹೊದ್ದು ನಿದ್ದೆ, ರಾಕ್ಷಸರ ಬಣ್ಣದ ವೇಷ ಬಂದು ಚೆಂಡೆ ಸಿಡಿದಾಗ ಮಕ್ಕಳೂ ಮುದುಕರೂ ಒಟ್ಟಿಗೆ ಎಚ್ಚರ. ಕಥೆ ಎಲ್ಲರಿಗೂ ಗೊತ್ತಿದ್ದುದರಿಂದ ಎಲ್ಲಿ ಎದ್ದರೂ ಎಳೆ ಸಿಗುತ್ತಿತ್ತು. ಹಿಂದಿನವರು ಹತ್ತು ಗಂಟೆ ಒಂದೇ ಸಮ ಗಮನವಿಟ್ಟು ನೋಡುತ್ತಿದ್ದರು ಎಂಬುದೂ ಈ ಎಂಟು ಸೆಕೆಂಡಿನಷ್ಟೇ ಕಟ್ಟುಕಥೆ.

ಕಾಲಮಿತಿಗೆ ಕಾರಣ ಬೇರೆ. ಬೆಳಗ್ಗೆ ಬ್ಯಾಂಕಿಗೆ, ಶಾಲೆಗೆ, ಗೋಡಂಬಿ ಕಾರ್ಖಾನೆಗೆ ಹೋಗಬೇಕು. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿದೆ, ಆ ಶಬ್ದ ಮಾಲಿನ್ಯ ನಿಯಮ 2000ದಲ್ಲಿಯೇ ಬಂದದ್ದು. ಕಲಾವಿದರಿಗೂ ನಿದ್ದೆ ಬೇಡವೇ? ನನ್ನ ತಂದೆ ಋತುವಿಡೀ ರಾತ್ರಿ ಬಾರಿಸಿ ಆರೋಗ್ಯ ಕಳೆದುಕೊಂಡರು.

ಉಡುಪಿಯ ಯಕ್ಷಗಾನ ಪ್ರೇಮಿ

ತಂದೆಯವರ ಶ್ರಮಕ್ಕೆ ತಲೆಬಾಗುತ್ತೇನೆ. ಆದರೆ ಪ್ರೇಕ್ಷಕರನ್ನು ನಿದ್ದೆಗಾರರು ಎನ್ನಬೇಡಿ. ನನ್ನ ಅಜ್ಜ ನಿದ್ದೆ ಮಾಡುತ್ತಿರಲಿಲ್ಲ. ಮರುದಿನ ಅರ್ಥಗಾರಿಕೆಯನ್ನು ಮಾತು ತಪ್ಪದೆ ಹೇಳುತ್ತಿದ್ದರು.

ಬೆಳ್ಳಂದೂರಿನ ತಂತ್ರಾಂಶ ಉದ್ಯೋಗಿ

ಮೂಲ ಪ್ರಶ್ನೆ ಶುಲ್ಕದ್ದು. ತರಬೇತಿ ಎಂದರೆ ಮೋಸ ಎಂದು ಒಟ್ಟಾರೆ ಹೇಳುವುದನ್ನು ಒಪ್ಪುವುದಿಲ್ಲ. ನನಗೆ ಫಲ ಸಿಕ್ಕಿದೆ.

ಮೈಸೂರಿನ ಸಂಶೋಧನಾ ವಿದ್ಯಾರ್ಥಿನಿ

ನಿಮಗೆ ಫಲ ಕೊಟ್ಟದ್ದು ಅಧಿಸೂಚನೆ ನಿಲ್ಲಿಸಿದ್ದು, ಅದನ್ನು ಫೋನಿನಲ್ಲಿ ಉಚಿತವಾಗಿಯೇ ಮಾಡಬಹುದು. ಮೆದುಳಿನ ತರಬೇತಿ ಎಂದು ಮಾರುವವರ ಕಥೆ ಬೇರೆ. 2016ರಲ್ಲಿ ಲುಮಾಸಿಟಿ ಎಂಬ ಆಟಗಳ ಕಂಪನಿ ಸಾಬೀತಾಗದ ಜಾಹೀರಾತಿನ ಆರೋಪ ಇತ್ಯರ್ಥಪಡಿಸಿಕೊಳ್ಳಲು ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಆಟದಲ್ಲಿ ಚುರುಕಾದವರು ಆಟದಲ್ಲಿಯೇ ಚುರುಕಾಗುತ್ತಾರೆ, ಅದು ಗಣಿತದ ಪುಸ್ತಕಕ್ಕೆ ದಾಟುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ದಾವಣಗೆರೆಯ ಅಮ್ಮ (ಕೇಳಿದವರು)

ಎಲ್ಲವನ್ನೂ ಯಜಮಾನರಿಗೆ ಓದಿ ಹೇಳಿದೆ. ತುಮಕೂರಿನವರ 32,260ಕ್ಕೆ ಬಂದಾಗ ಅರ್ಜಿಯನ್ನು ಮಡಚಿ ಇಟ್ಟರು. ಶಿವಮೊಗ್ಗದವರೇ, ನಿಮ್ಮದು ಓದಿದ ಮೇಲೆ ಮಗನ ವಿಷಯದಲ್ಲಿ ಒಮ್ಮೆ ತಜ್ಞರನ್ನು ಕೇಳುವುದು ಒಳ್ಳೆಯದು ಅನ್ನಿಸಿದೆ. ಹೋಗುವಾಗ ಶಾಲೆಯಿಂದ ಏನಾದರೂ ಬರೆಸಿಕೊಂಡು ಹೋಗಬೇಕೇ?

ಶಿವಮೊಗ್ಗದ ಅಮ್ಮ

ತರಗತಿ ಶಿಕ್ಷಕಿಯಿಂದ ಒಂದು ಪತ್ರ ಬರೆಸಿಕೊಳ್ಳಿ. ‘ಗಮನವಿಲ್ಲ’ ಎಂದು ಒಂದು ಸಾಲು ಬರೆದರೆ ಪ್ರಯೋಜನವಿಲ್ಲ. ಯಾವ ಅವಧಿಯಲ್ಲಿ ಏನು ಮಾಡುತ್ತಾನೆ, ಬರೆಯುವುದನ್ನು ಎಲ್ಲಿ ಬಿಡುತ್ತಾನೆ ಎಂದು ವಿವರವಾಗಿ ಇರಲಿ. ಹಳೆಯ ಅಂಕಪಟ್ಟಿ, ನೋಟ್‌ಬುಕ್‌ಗಳನ್ನು ಒಯ್ಯಿರಿ. ಕಣ್ಣು ಮತ್ತು ಕಿವಿಯ ಪರೀಕ್ಷೆಯನ್ನು ಊರಿನಲ್ಲಿಯೇ ಮೊದಲು ಮಾಡಿಸಿ. ನಮ್ಮನ್ನು ಅದಕ್ಕಾಗಿಯೇ ಇನ್ನೊಮ್ಮೆ ಬರಲು ಹೇಳಿದರು, ಮತ್ತೆ ರೈಲು, ಮತ್ತೆ ರಜೆ.

ಹಾಸನದ ನಿವೃತ್ತ ಶಿಕ್ಷಕ

ಪತ್ರವನ್ನು ಶಿಕ್ಷಕಿ ಬರೆಯಲಿ, ಆ ತರಬೇತುದಾರ ಬರೆಯುವುದು ಬೇಡ. ಹೊನ್ನಾವರದವರೇ, ಸಭಾಲಕ್ಷಣಕ್ಕೆ ಚಹಾ ಅಂಗಡಿಗೆ ಹೋಗುತ್ತಿದ್ದರು ಎಂದಿರಿ. ನಮ್ಮ ಕಡೆಯ ಮೂಡಲಪಾಯ ಯಕ್ಷಗಾನದಲ್ಲಿ ಹಾಗಿರಲಿಲ್ಲ, ಕೋಡಂಗಿ ಬರುವ ಹೊತ್ತಿಗೇ ಜನ ಕಿಕ್ಕಿರಿದಿರುತ್ತಿದ್ದರು.

ಹೊನ್ನಾವರದವನು

ನಮ್ಮಲ್ಲಿಯೂ ಕೋಡಂಗಿಗೆ ಮಕ್ಕಳು ಕಿಕ್ಕಿರಿಯುತ್ತಿದ್ದರು. ದೊಡ್ಡವರು ಚಹಾ ಅಂಗಡಿಯಲ್ಲಿಯೇ ಇದ್ದರು.